ಮದ್ದು ಬಿಟ್ಟವರನ್ನೂ ತೂಗಿದ ಪರೀಕ್ಷೆ: ಸೆಮಾಗ್ಲುಟೈಡ್‌ನ ‘ಸ್ಟೆಪ್ 1’ ಕುರಿತು ಒಂದು ಪ್ರಕರಣ ಅಧ್ಯಯನ

2018ರ ಜೂನ್‌ನಿಂದ ನವೆಂಬರ್‌ವರೆಗಿನ ಅವಧಿಯಲ್ಲಿ, ಏಷ್ಯಾ, ಯುರೋಪ್ ಮತ್ತು ಎರಡೂ ಅಮೆರಿಕಗಳ 16 ದೇಶಗಳಲ್ಲಿ ಹರಡಿದ್ದ 129 ಕೇಂದ್ರಗಳಲ್ಲಿ, 1,961 ವಯಸ್ಕರು ಒಂದು ಔಷಧ ಪರೀಕ್ಷೆಗೆ ಸೇರಿಕೊಂಡರು. ಅವರಲ್ಲಿ 1,306 ಮಂದಿಗೆ ವಾರಕ್ಕೊಮ್ಮೆ ಚರ್ಮದಡಿ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ 2.4 ಮಿ.ಗ್ರಾಂ ಗೊತ್ತುಪಡಿಸಲಾಯಿತು, ಉಳಿದ 655 ಮಂದಿಗೆ ನೋಡಲು ಅದರಂತೆಯೇ ಇದ್ದು ಔಷಧಾಂಶ ಮಾತ್ರ ಇಲ್ಲದ ಪ್ಲಸೀಬೊ, ಅಂದರೆ ಹುಸಿಮದ್ದು, ಗೊತ್ತುಪಡಿಸಲಾಯಿತು. 68 ವಾರಗಳ ನಂತರ ಮೊದಲ ಗುಂಪಿನ ತೂಕ ಸರಾಸರಿ ಶೇಕಡಾ 14.9ರಷ್ಟು ಇಳಿದಿತ್ತು, ಎರಡನೆಯ ಗುಂಪಿನದು ಶೇಕಡಾ 2.4ರಷ್ಟು. 2021ರ ಆರಂಭದಲ್ಲಿ ಪ್ರಕಟವಾದ ಈ ಪರೀಕ್ಷೆಯ ಹೆಸರು ‘ಸ್ಟೆಪ್ 1’. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ದೀರ್ಘಕಾಲದ ತೂಕ ನಿರ್ವಹಣೆಗೆ ಈ ಔಷಧವನ್ನು ಬಳಸಲು ಅನುಮತಿ ನೀಡಿತು.

ಶೇಕಡಾ 14.9 ಎಂಬ ಅಂಕಿ ಎಲ್ಲರ ಬಾಯಲ್ಲೂ ಓಡಾಡಿತು. ಆ ಸರಾಸರಿಯೊಳಗೆ ಯಾರು ಯಾರು ಸೇರಿದ್ದಾರೆ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಪರೀಕ್ಷೆಯ ನಡುವೆ ವಾಕರಿಕೆ ತಾಳಲಾರದೆ ಚುಚ್ಚುಮದ್ದು ಬಿಟ್ಟವರು ಅದರಲ್ಲಿ ಇದ್ದಾರೆಯೇ? ಇದ್ದರೆ ಅವರ ತೂಕವನ್ನು ಯಾವಾಗ ಅಳೆದದ್ದು, ಮದ್ದು ಬಿಟ್ಟ ದಿನವೋ, 68ನೇ ವಾರವೋ? ಈ ಅಧ್ಯಯನ ಮುಖ್ಯವಾಗಿ ಆ ಪ್ರಶ್ನೆಯನ್ನೇ ಹಿಡಿದು ಹೊರಟಿದೆ. ಬೊಜ್ಜಿನ ಔಷಧವೊಂದರ ಪರೀಕ್ಷೆ ಎಷ್ಟು ನಂಬಲರ್ಹ ಎಂಬುದನ್ನು, ಮದ್ದು ತೆಗೆದುಕೊಂಡವರಿಗಿಂತ ಹೆಚ್ಚಾಗಿ ಮದ್ದು ಬಿಟ್ಟವರನ್ನು ಅದು ಹೇಗೆ ಲೆಕ್ಕಕ್ಕೆ ಹಿಡಿಯಿತು ಎಂಬುದರಿಂದಲೇ ಅಳೆಯಬೇಕು ಎಂಬುದು ನನ್ನ ಅಭಿಪ್ರಾಯ.

ಹಿಂದಿನ ಔಷಧಗಳು ಬಿಟ್ಟುಹೋದ ಪಾಠ

ಬೊಜ್ಜಿನ ಔಷಧಗಳ ಚರಿತ್ರೆಯಲ್ಲಿ ಮಾರುಕಟ್ಟೆಗೆ ಬಂದು ಹಿಂದೆ ಸರಿದವುಗಳ ಪಟ್ಟಿ ಉದ್ದವಾಗಿದೆ. ಹೃದಯದ ಕವಾಟಗಳಿಗೆ ಹಾನಿ ಮಾಡುತ್ತದೆಂದು ತಿಳಿದ ಮೇಲೆ ಫೆನ್‌ಫ್ಲುರಮೀನ್ 1997ರಲ್ಲಿ ಹೋಯಿತು. ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯದ ಕಾರಣಕ್ಕೆ ಸಿಬುಟ್ರಮೀನ್ 2010ರಲ್ಲಿ ಹೋಯಿತು. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ರಿಮೊನಬಾಂಟ್ ಎಂಬ ಮಾತ್ರೆಯ ಕಥೆ. ಯುರೋಪಿನಲ್ಲಿ 2006ರಲ್ಲಿ ಅನುಮತಿ ಪಡೆದ ಅದನ್ನು, ಖಿನ್ನತೆಯೂ ಸೇರಿದಂತೆ ಮಾನಸಿಕ ತೊಂದರೆಗಳ ಕಾರಣದಿಂದ 2008ರ ಅಕ್ಟೋಬರ್‌ನಲ್ಲಿ ತಡೆಹಿಡಿಯಲಾಯಿತು.

ರಿಮೊನಬಾಂಟ್‌ನ ದೊಡ್ಡ ಪರೀಕ್ಷೆಗಳಲ್ಲಿ ಒಂದಾದ ‘ರಿಯೊ ನಾರ್ತ್ ಅಮೆರಿಕ’ದಲ್ಲಿ 3,045 ಮಂದಿ ಇದ್ದರು. ಮೊದಲ ವರ್ಷ ಮುಗಿಯುವ ಹೊತ್ತಿಗೆ ಅವರಲ್ಲಿ ಉಳಿದವರು ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಬಿಟ್ಟುಹೋದವರ ಕೊನೆಯ ತೂಕ ಗೊತ್ತಿಲ್ಲದ ಕಾರಣ, ಅವರು ಕೊನೆಯ ಸಲ ಕೇಂದ್ರಕ್ಕೆ ಬಂದಾಗ ಎಷ್ಟು ತೂಗಿದ್ದರೋ ಅದನ್ನೇ ವರ್ಷಾಂತ್ಯದ ತೂಕವೆಂದು ಹಿಡಿಯಲಾಯಿತು. ಆ ಕಾಲದಲ್ಲಿ ಎಲ್ಲರೂ ಅನುಸರಿಸುತ್ತಿದ್ದ ಪದ್ಧತಿ ಅದೇ ಆಗಿತ್ತು, ಯಾರೂ ಕದ್ದುಮುಚ್ಚಿ ಮಾಡಿದ್ದಲ್ಲ. ಆದರೆ ತೂಕ ಇಳಿಸುವ ಔಷಧದ ವಿಷಯದಲ್ಲಿ ಈ ಪದ್ಧತಿ ಸಲ್ಲುವುದಿಲ್ಲ. ಮದ್ದು ಬಿಟ್ಟ ದಿನ ಮನುಷ್ಯನ ತೂಕ ಸಾಮಾನ್ಯವಾಗಿ ಅತ್ಯಂತ ಕೆಳಮಟ್ಟದಲ್ಲಿರುತ್ತದೆ. ಅಲ್ಲಿಂದ ಮುಂದೆ ಅದು ಏರುತ್ತದೆ. ಇಳಿದ ಜಾಗದಲ್ಲೇ ಗಡಿಯಾರವನ್ನು ನಿಲ್ಲಿಸಿಬಿಟ್ಟರೆ, ಏರಿದ್ದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಅದೇ ಪರೀಕ್ಷೆಯ ಎರಡನೆಯ ವರ್ಷದಲ್ಲಿ, ಔಷಧ ತೆಗೆದುಕೊಳ್ಳುತ್ತಿದ್ದ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ ಪ್ಲಸೀಬೊಗೆ ಬದಲಿಸಲಾಯಿತು. ಅವರು ಕಳೆದುಕೊಂಡ ತೂಕ ಮರಳಿ ಬಂತು. ಅಂದರೆ ಮದ್ದು ನಿಂತರೆ ತೂಕ ಮರಳುತ್ತದೆ ಎಂಬುದು 2006ರಷ್ಟು ಹಿಂದೆಯೇ ಅಚ್ಚಾದ ಸಂಗತಿ.

ಔಷಧದ ಸ್ವಭಾವ

ಊಟವಾದ ಮೇಲೆ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಅದು ಇನ್ಸುಲಿನ್ ಸ್ರಾವವನ್ನು ಹೆಚ್ಚಿಸುತ್ತದೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ, ಮತ್ತು ಮಿದುಳಿನ ಹಸಿವಿನ ಕೇಂದ್ರಗಳಿಗೆ ‘ಸಾಕು’ ಎಂಬ ಸೂಚನೆ ಮುಟ್ಟಿಸುತ್ತದೆ. ಸಹಜ ರೂಪದಲ್ಲಿ ಅದು ರಕ್ತದಲ್ಲಿ ಎರಡು ನಿಮಿಷ ಬಾಳಿದರೆ ಹೆಚ್ಚು, ಒಂದು ಕಿಣ್ವ ಅದನ್ನು ಕತ್ತರಿಸಿಹಾಕುತ್ತದೆ. ಸೆಮಾಗ್ಲುಟೈಡ್ ಈ ಹಾರ್ಮೋನಿನ ಅನುಕರಣೆ. ಕಿಣ್ವ ಕತ್ತರಿಸುವ ಜಾಗದಲ್ಲಿ ಒಂದು ಅಮೈನೊ ಆಮ್ಲವನ್ನು ಬದಲಿಸಿ, ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುವಂತೆ ಒಂದು ಕೊಬ್ಬಿನಾಮ್ಲದ ಸರಪಳಿಯನ್ನು ಜೋಡಿಸಿದ್ದರಿಂದ, ಅದರ ಅರ್ಧಾಯುಷ್ಯ, ಅಂದರೆ ದೇಹದಲ್ಲಿ ಅದು ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ, ಸುಮಾರು ಒಂದು ವಾರಕ್ಕೆ ಹಿಗ್ಗಿತು. ವಾರಕ್ಕೊಂದೇ ಚುಚ್ಚು ಸಾಕಾಗುವುದು ಇದರಿಂದಲೇ.

ಈ ಒಂದು ವಾರದ ಅರ್ಧಾಯುಷ್ಯ ಪರೀಕ್ಷೆಯ ವಿನ್ಯಾಸವನ್ನೂ ಮುಟ್ಟುತ್ತದೆ. ವಾರವಾರವೂ ಅರ್ಧಕ್ಕೆ ಇಳಿಯುತ್ತ ಹೋದರೆ, ಕೊನೆಯ ಚುಚ್ಚಿನ ಐದು ವಾರಗಳ ಬಳಿಕ ದೇಹದಲ್ಲಿ ಉಳಿಯುವುದು ಸುಮಾರು ಮೂವತ್ತೆರಡರಲ್ಲಿ ಒಂದು ಪಾಲು. ಸ್ಟೆಪ್ 1ರಲ್ಲಿ 68 ವಾರಗಳ ಚಿಕಿತ್ಸೆಯ ನಂತರ ಏಳು ವಾರ ಯಾವ ಮದ್ದನ್ನೂ ಕೊಡದೆ ಜನರ ಮೇಲೆ ನಿಗಾ ಇಟ್ಟಿದ್ದರು. ಔಷಧ ದೇಹದಿಂದ ಪೂರ್ತಿ ಹೊರಹೋಗುವವರೆಗಿನ ಸುರಕ್ಷತೆಯನ್ನು ನೋಡಲು ಅಷ್ಟು ದಿನ ಬೇಕಾಗುತ್ತದೆ. ತೂಕ ಮತ್ತೆ ಏರುವುದನ್ನು ನೋಡಲು ಮಾತ್ರ ಏಳು ವಾರ ಏನೇನೂ ಸಾಲದು.

ಯಾರನ್ನು ಸೇರಿಸಿಕೊಂಡರು

ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ದೇಹತೂಕ ಸೂಚ್ಯಂಕ (ಬಿಎಂಐ) 30 ಅಥವಾ ಅದಕ್ಕಿಂತ ಹೆಚ್ಚಿರುವವರು, ಇಲ್ಲವೇ 27ಕ್ಕಿಂತ ಕಡಿಮೆಯಿಲ್ಲದೆ ಜೊತೆಗೆ ರಕ್ತದೊತ್ತಡ, ನಿದ್ರೆಯಲ್ಲಿ ಉಸಿರುಗಟ್ಟುವಿಕೆಯಂತಹ ಬೊಜ್ಜಿಗೆ ಸಂಬಂಧಿಸಿದ ಒಂದಾದರೂ ತೊಂದರೆ ಇರುವವರು ಅರ್ಹರಾಗಿದ್ದರು. ಪಥ್ಯ ಮಾಡಿ ತೂಕ ಇಳಿಸಲು ಒಮ್ಮೆಯಾದರೂ ಪ್ರಯತ್ನಿಸಿ ಸೋತಿರಬೇಕೆಂಬ ಷರತ್ತೂ ಇತ್ತು. ಮಧುಮೇಹ ಇರುವವರಿಗೆ, ಬೊಜ್ಜಿಗಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ, ಮೇದೋಜ್ಜೀರಕ ಗ್ರಂಥಿಯ ದೀರ್ಘಕಾಲದ ಉರಿಯೂತ ಇರುವವರಿಗೆ ಪ್ರವೇಶವಿರಲಿಲ್ಲ. ಸೇರಿದವರ ಸರಾಸರಿ ವಯಸ್ಸು 46, ಸರಾಸರಿ ತೂಕ 105.3 ಕಿ.ಗ್ರಾಂ. ನಾಲ್ವರಲ್ಲಿ ಮೂವರು ಮಹಿಳೆಯರು, ನಾಲ್ವರಲ್ಲಿ ಮೂವರು ಬಿಳಿಯರು.

ಈ ವಿವರ ಬೇಸರದ್ದೆನಿಸಬಹುದು, ಆದರೆ ಫಲಿತಾಂಶವನ್ನು ಯಾರಿಗೆ ಅನ್ವಯಿಸಬಹುದು ಎಂಬುದು ಇದರಲ್ಲಿಯೇ ನಿರ್ಧಾರವಾಗುತ್ತದೆ. ಮಧುಮೇಹ ಇರುವವರಲ್ಲೇ ಪ್ರತ್ಯೇಕವಾಗಿ ನಡೆದ ‘ಸ್ಟೆಪ್ 2’ ಪರೀಕ್ಷೆಯಲ್ಲಿ, ಅದೇ ಔಷಧ, ಅದೇ ಪ್ರಮಾಣ, ಅದೇ 68 ವಾರಗಳಲ್ಲಿ ಇಳಿಸಿದ ತೂಕ ಶೇಕಡಾ 9.6 ಮಾತ್ರ, ಪ್ಲಸೀಬೊ ಗುಂಪಿನಲ್ಲಿ ಶೇಕಡಾ 3.4. ಮಧುಮೇಹವಿರುವ ವ್ಯಕ್ತಿಗೆ ಸ್ಟೆಪ್ 1ರ ಅಂಕಿಯನ್ನು ತೋರಿಸಿ ಆಸೆ ಹುಟ್ಟಿಸುವುದು ಸರಿಯಲ್ಲ.

ಗುಂಪುಗಳ ವಿಂಗಡಣೆ ಎರಡಕ್ಕೆ ಒಂದರ ಅನುಪಾತದಲ್ಲಿ ನಡೆಯಿತು. ಹೀಗೆ ಮಾಡಿದರೆ ಔಷಧದ ಅಡ್ಡಪರಿಣಾಮಗಳ ಬಗ್ಗೆ ಹೆಚ್ಚು ಮಾಹಿತಿ ಸಿಗುತ್ತದೆ, ಸೇರುವವರಿಗೂ ನಿಜವಾದ ಮದ್ದು ಸಿಗುವ ಸಂಭವ ಹೆಚ್ಚುತ್ತದೆ. ಎರಡೂ ಗುಂಪುಗಳಿಗೆ ನಾಲ್ಕು ವಾರಕ್ಕೊಮ್ಮೆ ಆಪ್ತಸಲಹೆ, ದಿನಕ್ಕೆ ಅಗತ್ಯಕ್ಕಿಂತ 500 ಕಿಲೊಕ್ಯಾಲೊರಿ ಕಡಿಮೆ ಇರುವ ಆಹಾರ, ವಾರಕ್ಕೆ 150 ನಿಮಿಷಗಳ ದೈಹಿಕ ಚಟುವಟಿಕೆ, ಇವು ಸಮಾನವಾಗಿದ್ದವು. ಪರೀಕ್ಷೆಯ ಖರ್ಚು ವಹಿಸಿದ್ದು ಔಷಧದ ತಯಾರಕರಾದ ನೋವೊ ನಾರ್ಡಿಸ್ಕ್ ಕಂಪನಿ. ಓದುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಓದಬೇಕು.

ಮರೆಮಾಚಿದ್ದು ಎಲ್ಲಿಯವರೆಗೆ ಮರೆಯಲ್ಲಿತ್ತು

ಪರೀಕ್ಷೆ ‘ಡಬಲ್ ಬ್ಲೈಂಡ್’ ಮಾದರಿಯದು. ಯಾರಿಗೆ ಯಾವುದು ಸಿಗುತ್ತಿದೆ ಎಂಬುದು ಚುಚ್ಚಿಕೊಳ್ಳುವವರಿಗೂ ತಿಳಿಯಬಾರದು, ತೂಗುವವರಿಗೂ ತಿಳಿಯಬಾರದು. ಕಾಗದದ ಮೇಲೆ ಇದು ನಿಯಮವಾಗಿಯೇ ಇರುತ್ತದೆ. ದೇಹದಲ್ಲಿ ಆಗುವುದೇನೆಂದು ನೋಡಲು ಒಂದು ಭೇಟಿಯನ್ನು ಊಹಿಸಿಕೊಳ್ಳೋಣ.

ಒಬ್ಬ ಮಹಿಳೆ, ವಯಸ್ಸು 46, ತೂಕ 105 ಕಿ.ಗ್ರಾಂ. ಮೊದಲ ನಾಲ್ಕು ವಾರ ವಾರಕ್ಕೆ 0.25 ಮಿ.ಗ್ರಾಂ, ಮುಂದಿನ ನಾಲ್ಕು ವಾರ 0.5 ಮಿ.ಗ್ರಾಂ. ಈಗ ಎಂಟನೆಯ ವಾರದ ಭೇಟಿ, ಇಂದಿನಿಂದ 1.0 ಮಿ.ಗ್ರಾಂ, ಆಮೇಲೆ 1.7, ಹದಿನಾರನೆಯ ವಾರಕ್ಕೆ ಪೂರ್ಣ ಪ್ರಮಾಣವಾದ 2.4. ಹೀಗೆ ಮೆಟ್ಟಿಲು ಹತ್ತಿಸುವುದು ವಾಕರಿಕೆಯನ್ನು ತಗ್ಗಿಸಲಿಕ್ಕಾಗಿ. ಪ್ಲಸೀಬೊ ಗುಂಪಿನವರೂ ಇದೇ ಮೆಟ್ಟಿಲುಗಳನ್ನು ಹತ್ತುತ್ತಾರೆ, ಅವರ ಚುಚ್ಚುಮದ್ದಿನ ಪೆನ್ನಿನೊಳಗೆ ಏರಿಸಲು ಏನೂ ಇಲ್ಲದಿದ್ದರೂ. ಆಕೆ ಚಪ್ಪಲಿ ಕಳಚಿ ತೂಕದ ಯಂತ್ರದ ಮೇಲೆ ನಿಲ್ಲುತ್ತಾಳೆ. ಕಳೆದ ತಿಂಗಳಿಗಿಂತ ಮೂರು ಕಿಲೊ ಕಡಿಮೆ. ಚುಚ್ಚಿಕೊಂಡ ಮರುದಿನ ಹೊಟ್ಟೆ ತೊಳಸುತ್ತದೆ, ತಟ್ಟೆಯಲ್ಲಿ ಅರ್ಧ ಉಳಿಯುತ್ತದೆ. ತನಗೆ ಸಿಕ್ಕಿರುವುದು ಯಾವ ಗುಂಪೆಂದು ಆಕೆಗೆ ಯಾರೂ ಹೇಳಬೇಕಾಗಿಲ್ಲ. ಪಕ್ಕದ ಕೋಣೆಯಲ್ಲಿ ಅದೇ ದಿನ ತೂಗಿಸಿಕೊಂಡ ಇನ್ನೊಬ್ಬರಿಗೆ ವಾಕರಿಕೆಯೂ ಇಲ್ಲ, ತೂಕವೂ ಅಲುಗಿಲ್ಲ, ಅವರಿಗೂ ಅರ್ಥವಾಗಿರುತ್ತದೆ.

ಈ ಚಿತ್ರ ನನ್ನ ಊಹೆ. ಅದರ ಹಿಂದಿನ ಅಂಕಿಗಳು ಪರೀಕ್ಷೆಯವೇ: ವಾಕರಿಕೆ ಕಂಡದ್ದು ಔಷಧ ಗುಂಪಿನ ಶೇಕಡಾ 44.2 ಮಂದಿಯಲ್ಲಿ, ಪ್ಲಸೀಬೊ ಗುಂಪಿನ ಶೇಕಡಾ 17.4 ಮಂದಿಯಲ್ಲಿ, ಭೇದಿ ಶೇಕಡಾ 31.5 ಮತ್ತು 15.9. ಪರಿಣಾಮ ಇಷ್ಟು ಢಾಳಾಗಿರುವ ಔಷಧದ ಪರೀಕ್ಷೆಯಲ್ಲಿ ಗುಟ್ಟು ಬಹುಕಾಲ ಗುಟ್ಟಾಗಿ ಉಳಿಯುವುದು ಕಷ್ಟ. ಇದನ್ನು ವಿನ್ಯಾಸಕಾರರ ದೋಷವೆನ್ನಲಾಗದು, ಏಕೆಂದರೆ ತೂಕ ಎಂಬುದು ಎಲ್ಲರ ಕಣ್ಣಿಗೂ ಕಾಣುವ ಅಳತೆ. ಗುಟ್ಟು ಬಯಲಾದರೂ ತೂಕದ ಯಂತ್ರ ಯಾರ ಮುಖವನ್ನೂ ನೋಡುವುದಿಲ್ಲವಾದ್ದರಿಂದ, ಮುಖ್ಯ ಫಲಿತಾಂಶಕ್ಕೆ ಹೆಚ್ಚಿನ ಧಕ್ಕೆಯಿಲ್ಲ. ಧಕ್ಕೆ ತಗಲುವುದು ಜೀವನದ ಗುಣಮಟ್ಟ ಹೇಗಿದೆ ಎಂದು ಪ್ರಶ್ನಾವಳಿಯಲ್ಲಿ ಕೇಳಿದಾಗ ಬರುವ ಉತ್ತರಗಳಿಗೆ. ಮತ್ತು ಅದಕ್ಕಿಂತ ಮುಖ್ಯವಾಗಿ, ಯಾರು ಉಳಿಯುತ್ತಾರೆ, ಯಾರು ಬಿಟ್ಟುಹೋಗುತ್ತಾರೆ ಎಂಬುದಕ್ಕೆ. ಹುಸಿಮದ್ದೆಂದು ಖಚಿತವಾದ ಮೇಲೂ ಒಂದು ವರ್ಷಕ್ಕೂ ಹೆಚ್ಚು ಕಾಲ ವಾರವಾರ ಚುಚ್ಚಿಕೊಳ್ಳುತ್ತಿರಲು ಯಾರಿಗೆ ಮನಸ್ಸು ಬಂದೀತು?

ಮದ್ದು ಬಿಟ್ಟವರ ಲೆಕ್ಕ

ಇಲ್ಲಿಗೆ ಪ್ರಕರಣದ ಹೃದಯಕ್ಕೆ ಬಂದೆವು. ಸ್ಟೆಪ್ 1ರ ವರದಿಯಲ್ಲಿ ಒಟ್ಟೊಟ್ಟಿಗೆ ಬರುವ ಮೂರು ಅಂಕಿಗಳನ್ನು ನಾನು ಹಲವು ಸಲ ಓದಿದ್ದೇನೆ. ಶೇಕಡಾ 94.3 ಮಂದಿ ಪರೀಕ್ಷೆಯನ್ನು ಪೂರೈಸಿದರು. ಶೇಕಡಾ 91.2 ಮಂದಿಯ ತೂಕ 68ನೇ ವಾರದಲ್ಲಿ ದಾಖಲಾಯಿತು. ಚಿಕಿತ್ಸೆಯನ್ನು ಕೊನೆಯವರೆಗೆ ಪಾಲಿಸಿದವರು ಶೇಕಡಾ 81.1. ಎರಡನೆಯ ಮತ್ತು ಮೂರನೆಯ ಅಂಕಿಗಳ ನಡುವಿನ ಅಂತರ ಹತ್ತರಷ್ಟಿದೆ. ನೂರಕ್ಕೆ ಸುಮಾರು ಹತ್ತು ಮಂದಿ ಚುಚ್ಚುಮದ್ದನ್ನು ಬಿಟ್ಟಿದ್ದರು, ಆದರೂ ಕೊನೆಯ ದಿನ ಬಂದು ತೂಕದ ಯಂತ್ರದ ಮೇಲೆ ನಿಂತರು ಎಂದು ಇದರ ಅರ್ಥ.

ಈ ಹತ್ತು ಮಂದಿ ತಾವಾಗಿಯೇ ಬರುವುದಿಲ್ಲ. ಔಷಧ ಸಿಗುವುದಿಲ್ಲ, ಲಾಭವೇನೂ ಇಲ್ಲ, ಬದಲಿಗೆ ತೂಕ ಮತ್ತೆ ಏರಿರುವುದನ್ನು ಇನ್ನೊಬ್ಬರ ಮುಂದೆ ಒಪ್ಪಿಕೊಳ್ಳಬೇಕಾದ ಸಂಕೋಚ. ಕೇಂದ್ರದ ಸಿಬ್ಬಂದಿ ಮೊದಲ ದಿನವೇ ಅವರಿಗೆ, ‘ಮದ್ದು ಬೇಡವೆನಿಸಿದರೆ ಬಿಡಿ, ಆದರೆ ತೂಕ ಕೊಡುವುದಕ್ಕೆ ತಪ್ಪದೆ ಬನ್ನಿ, ಹೆಚ್ಚಾಗಿದ್ದರೂ ಬನ್ನಿ’ ಎಂದು ಮನದಟ್ಟಾಗುವಂತೆ ಹೇಳಬೇಕು. ಆಮೇಲೆ ಫೋನ್ ಮಾಡಿ ನೆನಪಿಸಬೇಕು. ಬಂದಾಗ ಮುಖ ಗಂಟಿಕ್ಕಬಾರದು. ಮದ್ದು ಬಿಡುವುದು ಬೇರೆ, ಪರೀಕ್ಷೆಯಿಂದ ಹೊರಹೋಗುವುದು ಬೇರೆ ಎಂಬ ಈ ಭೇದವನ್ನು ಹಳೆಯ ಪರೀಕ್ಷೆಗಳಲ್ಲಿ ಬಹುಮಟ್ಟಿಗೆ ಕಾಣುತ್ತಿರಲಿಲ್ಲ. ಮದ್ದು ಬಿಟ್ಟವರ ಕಡತವನ್ನೇ ಮುಚ್ಚಿಬಿಡುತ್ತಿದ್ದರು.

ಭೇದ ಎಷ್ಟು ದೊಡ್ಡದೆಂದು ತೋರಿಸಲು ಒಂದು ಸಣ್ಣ ಲೆಕ್ಕ. ಇಲ್ಲಿನ ಅಂಕಿಗಳು ವಿವರಣೆಗಾಗಿ ನಾನೇ ಹಾಕಿಕೊಂಡವು. ನೂರು ಮಂದಿ ಇದ್ದಾರೆ. 80 ಮಂದಿ ಕೊನೆಯವರೆಗೂ ಮದ್ದು ತೆಗೆದುಕೊಂಡು ಶೇಕಡಾ 17ರಷ್ಟು ಇಳಿದರು. 20 ಮಂದಿ ನಡುವೆ ಬಿಟ್ಟರು, ಬಿಟ್ಟ ದಿನ ಅವರು ಶೇಕಡಾ 9ರಷ್ಟು ಇಳಿದಿದ್ದರು, ಕೊನೆಯ ದಿನಕ್ಕೆ ಆ ಇಳಿಕೆ ಶೇಕಡಾ 5ಕ್ಕೆ ಕುಗ್ಗಿತ್ತು. ಮದ್ದು ಬಿಟ್ಟವರನ್ನು ಲೆಕ್ಕದಿಂದಲೇ ಕೈಬಿಟ್ಟರೆ ಸರಾಸರಿ 17. ಬಿಟ್ಟ ದಿನದ ತೂಕವನ್ನು ಹಿಡಿದರೆ 15.4. ಎಲ್ಲರನ್ನೂ ಕೊನೆಯ ದಿನ ನಿಜವಾಗಿ ತೂಗಿದರೆ 14.6. ಬಿಟ್ಟವರೆಲ್ಲ ಮೊದಲಿನ ತೂಕಕ್ಕೇ ಮರಳಿದರೆಂದು ಕಠಿಣವಾಗಿ ಊಹಿಸಿದರೆ 13.6. ಜನರು ಅವರೇ, ಔಷಧವೂ ಅದೇ, ಉತ್ತರಗಳು ನಾಲ್ಕು. ಬಿಟ್ಟವರ ಪಾಲು ರಿಮೊನಬಾಂಟ್ ಪರೀಕ್ಷೆಯಲ್ಲಿದ್ದಂತೆ ಅರ್ಧದ ಹತ್ತಿರ ಹೋದರೆ ಈ ಉತ್ತರಗಳು ಇನ್ನೂ ದೂರದೂರ ಸರಿಯುತ್ತವೆ.

ಇವುಗಳಲ್ಲಿ ಯಾವುದನ್ನು ಉತ್ತರವೆಂದು ಒಪ್ಪುತ್ತೇವೆ ಎಂಬುದನ್ನು ಪರೀಕ್ಷೆ ಶುರುವಾಗುವ ಮೊದಲೇ ಬರೆದಿಡಬೇಕು. ಹಾಗೆ ಬರೆದಿಟ್ಟ ಪ್ರಶ್ನೆಗೆ ಸಂಖ್ಯಾಶಾಸ್ತ್ರಜ್ಞರು ‘ಎಸ್ಟಿಮ್ಯಾಂಡ್’ ಎನ್ನುತ್ತಾರೆ. ಔಷಧ ನಿಯಂತ್ರಣದ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಇದು ಅಧಿಕೃತವಾಗಿ ಸೇರಿದ್ದು 2019ರ ನವೆಂಬರ್‌ನಲ್ಲಿ. ಸ್ಟೆಪ್ 1 ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡಿತ್ತು. ಈ ಔಷಧವನ್ನು ಬರೆದುಕೊಟ್ಟರೆ, ಅದನ್ನು ತೆಗೆದುಕೊಳ್ಳುವವರೂ ಬಿಡುವವರೂ ಸೇರಿ ಒಟ್ಟಾರೆ ಏನಾಗುತ್ತದೆ ಎಂಬುದು ಮೊದಲನೆಯ ಮತ್ತು ಮುಖ್ಯ ಪ್ರಶ್ನೆ. ಅದಕ್ಕೆ ಬಂದ ಉತ್ತರ ಶೇಕಡಾ 14.9. ಎಲ್ಲರೂ ಬಿಡದೆ ತೆಗೆದುಕೊಂಡಿದ್ದರೆ ಏನಾಗುತ್ತಿತ್ತು ಎಂಬುದು ಎರಡನೆಯದು. ಅದಕ್ಕೆ ಬಂದ ಉತ್ತರ ಶೇಕಡಾ 16.9. ಪ್ಲಸೀಬೊ ಗುಂಪಿನ ಅಂಕಿ ಎರಡರಲ್ಲೂ 2.4. ವರದಿಯ ಮುಖಪುಟಕ್ಕೆ ಹೋದದ್ದು ದೊಡ್ಡ ಅಂಕಿಯಲ್ಲ, ಚಿಕ್ಕದು. ಪರೀಕ್ಷೆ ನಡೆಸಿದವರ ಪ್ರಾಮಾಣಿಕತೆ ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡದ್ದು ಇಲ್ಲಿ.

68ನೇ ವಾರದಲ್ಲಿ ತೂಕ ಸಿಗದೇ ಹೋದ ಉಳಿದ ಶೇಕಡಾ 9 ಮಂದಿಯ ವಿಷಯದಲ್ಲಿ ಊಹೆ ಅನಿವಾರ್ಯ. ಆ ಊಹೆಗೂ ಆಧಾರವಾದದ್ದು ಮರಳಿ ಬಂದವರೇ. ಮದ್ದು ಬಿಟ್ಟು ಕಣ್ಮರೆಯಾದವರ ತೂಕವನ್ನು, ಅದೇ ಗುಂಪಿನಲ್ಲಿ ಮದ್ದು ಬಿಟ್ಟೂ ಬಂದು ತೂಗಿಸಿಕೊಂಡವರ ತೂಕದ ಜಾಡಿನಲ್ಲಿ ಅಂದಾಜು ಮಾಡಲಾಯಿತು. ಹೀಗಾಗಿ ಆ ನೂರಕ್ಕೆ ಹತ್ತು ಮಂದಿಯ ಒಂದೊಂದು ತೂಕವೂ ತನ್ನದಲ್ಲದೆ ಇನ್ನೊಬ್ಬರ ಪರವಾಗಿಯೂ ಸಾಕ್ಷಿ ನುಡಿಯಿತು.

ಅಂಕಿಗಳು ಹೇಳಿದ್ದು, ಹೇಳದೆ ಉಳಿದದ್ದು

ಎಫ್‌ಡಿಎ 2007ರಲ್ಲಿ ಸಿದ್ಧಪಡಿಸಿದ ಕರಡು ಮಾರ್ಗಸೂಚಿಯಲ್ಲಿ ಬೊಜ್ಜಿನ ಔಷಧ ದಾಟಬೇಕಾದ ಗೆರೆಯನ್ನು ಎಳೆದಿತ್ತು: ಪ್ಲಸೀಬೊಗಿಂತ ಸರಾಸರಿ ಶೇಕಡಾ 5ರಷ್ಟಾದರೂ ಹೆಚ್ಚು ತೂಕ ಇಳಿಯಬೇಕು, ಇಲ್ಲವೇ ಔಷಧ ಪಡೆದವರಲ್ಲಿ ಶೇಕಡಾ 35 ಮಂದಿಯಾದರೂ ತಮ್ಮ ತೂಕದ ಶೇಕಡಾ 5ನ್ನು ಕಳೆದುಕೊಳ್ಳಬೇಕು ಮತ್ತು ಅದು ಪ್ಲಸೀಬೊ ಗುಂಪಿನವರ ಸುಮಾರು ಎರಡರಷ್ಟಿರಬೇಕು. ಸ್ಟೆಪ್ 1 ಈ ಗೆರೆಯನ್ನು ಬಹು ಹಿಂದೆ ಬಿಟ್ಟಿತು. ಕೊನೆಯಲ್ಲಿ ತೂಕ ದಾಖಲಾದವರ ಪೈಕಿ ಶೇಕಡಾ 5ಕ್ಕಿಂತ ಕಡಿಮೆಯಿಲ್ಲದೆ ಇಳಿದವರು ಔಷಧ ಗುಂಪಿನಲ್ಲಿ ಶೇಕಡಾ 86.4, ಪ್ಲಸೀಬೊ ಗುಂಪಿನಲ್ಲಿ ಶೇಕಡಾ 31.5. ಶೇಕಡಾ 15 ಅಥವಾ ಹೆಚ್ಚು ಇಳಿದವರು ಶೇಕಡಾ 50.5 ಮತ್ತು 4.9. ಇದೇ ಅಂಕಿಯನ್ನು ತಿರುಗಿಸಿ ಓದಿದರೆ, ಔಷಧ ಗುಂಪಿನವರಲ್ಲಿಯೂ ಏಳರಲ್ಲಿ ಒಬ್ಬರಷ್ಟು ಮಂದಿಗೆ ಶೇಕಡಾ 5 ಸಹ ಇಳಿಯಲಿಲ್ಲ. ಅವರು ಮನಸ್ಸು ಗಟ್ಟಿಮಾಡಲಿಲ್ಲ ಎಂದು ಯಾರೂ ದೂರಬಾರದು. ಒಂದೇ ಔಷಧಕ್ಕೆ ಎಲ್ಲ ದೇಹಗಳೂ ಒಂದೇ ರೀತಿ ಸ್ಪಂದಿಸುವುದಿಲ್ಲ.

ಇಳಿದದ್ದೆಲ್ಲ ಕೊಬ್ಬೇ ಎಂದೂ ಭಾವಿಸಬೇಕಾಗಿಲ್ಲ. 140 ಮಂದಿಯ ದೇಹರಚನೆಯನ್ನು ಡೆಕ್ಸಾ ಎಂಬ ಎಕ್ಸ್‌-ರೇ ಸ್ಕ್ಯಾನ್‌ನಿಂದ ಅಳೆದಾಗ ಕೊಬ್ಬಿನ ಜೊತೆಗೆ ಸ್ನಾಯು ಸೇರಿದ ಕೊಬ್ಬೇತರ ಅಂಶವೂ ಕಿಲೊಗಳ ಲೆಕ್ಕದಲ್ಲಿ ಕಡಿಮೆಯಾಗಿತ್ತು, ಒಟ್ಟು ದೇಹದಲ್ಲಿ ಅದರ ಪಾಲು ಮಾತ್ರ ತುಸು ಏರಿತ್ತು. 1,961ರಲ್ಲಿ 140 ಎಂಬುದು ಚಿಕ್ಕ ಕಿಟಕಿ. ವಯಸ್ಸಾದವರಿಗೆ ಈ ಔಷಧ ಕೊಡುವಾಗ ಬಹಳ ಮುಖ್ಯವಾಗುವ ಪ್ರಶ್ನೆಯನ್ನು ಇಷ್ಟು ಚಿಕ್ಕ ಕಿಟಕಿಯಿಂದ ನೋಡಿದ್ದು ಈ ಪರೀಕ್ಷೆಯ ಕೊರತೆಗಳಲ್ಲೊಂದು.

ಅಡ್ಡಪರಿಣಾಮಗಳಿಂದ ಮದ್ದು ಬಿಟ್ಟವರು ಔಷಧ ಗುಂಪಿನಲ್ಲಿ ಶೇಕಡಾ 7.0, ಪ್ಲಸೀಬೊ ಗುಂಪಿನಲ್ಲಿ ಶೇಕಡಾ 3.1. ಪಿತ್ತಕೋಶದ ತೊಂದರೆಗಳು, ಹೆಚ್ಚಾಗಿ ಪಿತ್ತಕಲ್ಲುಗಳು, ಶೇಕಡಾ 2.6 ಮತ್ತು 1.2. ಮೇದೋಜ್ಜೀರಕ ಗ್ರಂಥಿಯ ಉರಿಯೂತ ಔಷಧ ಗುಂಪಿನ ಮೂವರಲ್ಲಿ ಕಂಡಿತು, ಪ್ಲಸೀಬೊ ಗುಂಪಿನಲ್ಲಿ ಯಾರಲ್ಲೂ ಇಲ್ಲ.

ಈ ಗಾತ್ರದ ಪರೀಕ್ಷೆಗೆ ಕಾಣುವುದಕ್ಕೆ ಒಂದು ಮಿತಿಯಿದೆ. ಸಂಖ್ಯಾಶಾಸ್ತ್ರದ ಒಂದು ಸರಳ ಸೂತ್ರದಂತೆ, ಒಂದು ಗುಂಪಿನಲ್ಲಿ ಯಾವುದೋ ಅಪಾಯ ಒಬ್ಬರಲ್ಲೂ ಕಾಣಲಿಲ್ಲವೆಂದರೆ, ಅದರ ನಿಜವಾದ ಪ್ರಮಾಣ ಮೂರನ್ನು ಆ ಗುಂಪಿನ ಸಂಖ್ಯೆಯಿಂದ ಭಾಗಿಸಿದಷ್ಟರವರೆಗೂ ಇರಬಹುದು. 1,306 ಮಂದಿಯಲ್ಲಿ ಒಬ್ಬರಿಗೂ ಆಗದ ಅಪಾಯ, ಸುಮಾರು 435 ಮಂದಿಯಲ್ಲಿ ಒಬ್ಬರಿಗೆ ಆಗುವಂಥದ್ದೂ ಆಗಿರಬಹುದು. ಲಕ್ಷಗಟ್ಟಲೆ ಜನ ಬಳಸತೊಡಗಿದರೆ ಆ ಒಬ್ಬರು ನೂರಾರು ಮಂದಿಯಾಗುತ್ತಾರೆ. ಆದ್ದರಿಂದಲೇ ಹೃದ್ರೋಗವಿದ್ದು ಮಧುಮೇಹವಿಲ್ಲದ 17,604 ಮಂದಿಯನ್ನು ಸರಾಸರಿ 39.8 ತಿಂಗಳು ಹಿಂಬಾಲಿಸಿದ ‘ಸೆಲೆಕ್ಟ್’ ಪರೀಕ್ಷೆ ಅಗತ್ಯವಾಯಿತು. ಹೃದಯ ಮತ್ತು ರಕ್ತನಾಳಗಳ ಕಾರಣದಿಂದಾಗುವ ಸಾವು, ಮಾರಕವಲ್ಲದ ಹೃದಯಾಘಾತ ಅಥವಾ ಪಾರ್ಶ್ವವಾಯು ಅಲ್ಲಿ ಪ್ಲಸೀಬೊ ಗುಂಪಿನ ಶೇಕಡಾ 8.0 ಮಂದಿಯಲ್ಲಿ ಕಂಡರೆ ಔಷಧ ಗುಂಪಿನ ಶೇಕಡಾ 6.5 ಮಂದಿಯಲ್ಲಿ ಕಂಡವು. 2023ರ ನವೆಂಬರ್‌ನಲ್ಲಿ ಪ್ರಕಟವಾದ ಈ ಫಲಿತಾಂಶ, ಸಿಬುಟ್ರಮೀನ್ ಹೋದ ದಾರಿಯನ್ನು ನೆನೆದವರಿಗೆ ದೊಡ್ಡ ಸಮಾಧಾನ. ಆದರೆ ಅಲ್ಲಿಯೂ ಅಡ್ಡಪರಿಣಾಮಗಳಿಂದ ಔಷಧವನ್ನು ಕಾಯಮ್ಮಾಗಿ ಬಿಟ್ಟವರು ಶೇಕಡಾ 16.6, ಪ್ಲಸೀಬೊ ಗುಂಪಿನಲ್ಲಿ ಶೇಕಡಾ 8.2. ಅವಧಿ ಉದ್ದವಾದಂತೆ ಬಿಡುವವರ ಸಂಖ್ಯೆಯೂ ಬೆಳೆಯುತ್ತದೆ.

ಎಲ್ಲರೂ ನಿಲ್ಲಿಸಿದ ಮೇಲೆ

68ನೇ ವಾರಕ್ಕೆ ಎಲ್ಲರ ಚುಚ್ಚುಮದ್ದೂ ನಿಂತಿತು, ಆಹಾರ ಮತ್ತು ವ್ಯಾಯಾಮದ ಆಪ್ತಸಲಹೆಯೂ ನಿಂತಿತು. ಆದರೆ 327 ಮಂದಿಯನ್ನು ಇನ್ನೊಂದು ವರ್ಷ, 120ನೇ ವಾರದವರೆಗೆ, ತೂಗುತ್ತ ಹೋದರು. ಔಷಧ ಗುಂಪಿನಿಂದ 228, ಪ್ಲಸೀಬೊ ಗುಂಪಿನಿಂದ 99. ಇದರ ವರದಿ 2022ರಲ್ಲಿ ಬಂತು. ಇವರಲ್ಲಿ ಔಷಧ ಪಡೆದಿದ್ದವರು 68ನೇ ವಾರಕ್ಕೆ ಶೇಕಡಾ 17.3ರಷ್ಟು ಇಳಿದಿದ್ದರು. ಒಂದು ವರ್ಷದಲ್ಲಿ ಅದರೊಳಗಿನ 11.6 ಅಂಶ ಮರಳಿ ಬಂತು, ಅಂದರೆ ಕಳೆದುಕೊಂಡದ್ದರ ಮೂರನೇ ಎರಡು ಪಾಲು. 120ನೇ ವಾರಕ್ಕೆ ಉಳಿದ ಇಳಿಕೆ ಶೇಕಡಾ 5.6. ರಕ್ತದೊತ್ತಡವೂ ಸೇರಿದಂತೆ ಸುಧಾರಿಸಿದ್ದ ಬಹುತೇಕ ಅಳತೆಗಳು ಮೊದಲಿದ್ದ ಕಡೆಗೇ ಸಾಗಿದವು. ಆದರೂ ಸುಮಾರು ಅರ್ಧದಷ್ಟು ಜನರಲ್ಲಿ ಶೇಕಡಾ 5ಕ್ಕಿಂತ ಕಡಿಮೆಯಿಲ್ಲದ ಇಳಿಕೆ ಉಳಿದುಕೊಂಡಿತ್ತು ಎಂಬುದನ್ನೂ ಹೇಳಬೇಕು.

ಈ 17.3 ಎಂಬ ಅಂಕಿ ಒಟ್ಟು ಗುಂಪಿನ 14.9ಕ್ಕಿಂತ ಮೇಲಿದೆ. ಮುಂದುವರಿದವರು ಎಲ್ಲರ ಪ್ರತಿನಿಧಿಗಳಲ್ಲ, ಔಷಧ ಚೆನ್ನಾಗಿ ಹಿಡಿದವರು ಅವರಲ್ಲಿ ಹೆಚ್ಚು ಎಂಬ ಸೂಚನೆ ಅದರಲ್ಲಿದೆ. ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ಶುದ್ಧವಾಗಿ ತಿಳಿಯಬೇಕಾದರೆ, ನಿಲ್ಲಿಸುವವರು ಯಾರೆಂಬುದನ್ನೂ ಚೀಟಿಯೇ ನಿರ್ಧರಿಸಬೇಕು. ‘ಸ್ಟೆಪ್ 4’ ಮಾಡಿದ್ದು ಇದನ್ನೇ. 20 ವಾರ ಎಲ್ಲರಿಗೂ ಔಷಧ ಕೊಟ್ಟು, ಪೂರ್ಣ ಪ್ರಮಾಣ ತಾಳಿಕೊಂಡ 803 ಮಂದಿಯನ್ನು ವಿಂಗಡಿಸಿ, ಒಂದು ಭಾಗವನ್ನು ಪ್ಲಸೀಬೊಗೆ ಬದಲಿಸಿದರು. 68ನೇ ವಾರಕ್ಕೆ ಮುಂದುವರಿಸಿದವರು ಇನ್ನೂ ಶೇಕಡಾ 7.9ರಷ್ಟು ಇಳಿದರೆ, ಬದಲಿಸಲ್ಪಟ್ಟವರು ಶೇಕಡಾ 6.9ರಷ್ಟು ಏರಿದರು. ಟಿರ್ಜೆಪಟೈಡ್ ಎಂಬ ಇನ್ನೊಂದು ಚುಚ್ಚುಮದ್ದಿನ ‘ಸರ್ಮೌಂಟ್ 4’ ಪರೀಕ್ಷೆಯಲ್ಲಿಯೂ ಇದೇ ಆಯಿತು. ಮುಂದುವರಿಸಿದವರು ಮತ್ತೆ ಶೇಕಡಾ 5.5 ಇಳಿದರು, ಪ್ಲಸೀಬೊಗೆ ಹೋದವರು ಶೇಕಡಾ 14.0 ಏರಿದರು. ಮೂರು ಬೇರೆ ಬೇರೆ ದಾರಿಗಳಿಂದ ಒಂದೇ ಉತ್ತರ ಬಂದ ಮೇಲೆ, ಬೊಜ್ಜನ್ನು ರಕ್ತದೊತ್ತಡದಂತೆ ದೀರ್ಘಕಾಲ ಚಿಕಿತ್ಸೆ ಬೇಡುವ ಸ್ಥಿತಿಯೆಂದು ನೋಡದೆ ಗತ್ಯಂತರವಿಲ್ಲ.

ಹೀಗಿರುವಾಗ, ಇನ್ನು ಮುಂದೆ ಇಂಥ ಪರೀಕ್ಷೆಗೆ ಸೇರುವವರಿಗೆ ಕೊಡುವ ಒಪ್ಪಿಗೆ ಪತ್ರದಲ್ಲಿ ಎರಡು ಮಾತುಗಳು ಸಣ್ಣ ಅಕ್ಷರದಲ್ಲಿ ಅಡಗದೆ ಮೊದಲ ಪುಟದಲ್ಲೇ ಇರಬೇಕೆಂದು ನಾನು ವಾದಿಸುತ್ತೇನೆ. ಪರೀಕ್ಷೆ ಮುಗಿದ ದಿನ ಔಷಧ ನಿಲ್ಲುತ್ತದೆ, ಆಮೇಲೆ ತೂಕದ ಬಹುಪಾಲು ಮರಳಬಹುದು ಎಂಬುದು ಒಂದು. ನೀವು ನಡುವೆ ಔಷಧ ಬಿಟ್ಟರೂ ನಿಮ್ಮ ತೂಕ ನಮಗೆ ಬೇಕು, ಅದು ಹೆಚ್ಚಾಗಿದ್ದರೆ ಇನ್ನೂ ಬೇಕು ಎಂಬುದು ಇನ್ನೊಂದು. ಹಿಂದಿನ ಪರೀಕ್ಷೆಗಳಿಂದ ಇಷ್ಟು ತಿಳಿದ ಮೇಲೆ ಮೊದಲನೆಯದನ್ನು ಮುಚ್ಚಿಡುವುದು ಅನ್ಯಾಯ. ಎರಡನೆಯದನ್ನು ಹೇಳದಿದ್ದರೆ, ಬಿಟ್ಟವರು ನಾಚಿ ದೂರ ಉಳಿಯುತ್ತಾರೆ, ಲೆಕ್ಕ ಮತ್ತೆ ಹಳೆಯ ದಾರಿ ಹಿಡಿಯುತ್ತದೆ.

ಪ್ಲಸೀಬೊ ಗುಂಪಿನಿಂದ ಮುಂದುವರಿದ 99 ಮಂದಿಯ ಲೆಕ್ಕವೊಂದು ಉಳಿದಿದೆ. ಒಂದು ವರ್ಷಕ್ಕೂ ಮಿಕ್ಕಿ ಅವರು ಏನೂ ಇಲ್ಲದ ಪೆನ್ನನ್ನು ವಾರಕ್ಕೊಮ್ಮೆ ಚುಚ್ಚಿಕೊಂಡರು, ತಿಂಗಳಿಗೊಮ್ಮೆ ಸಲಹೆ ಕೇಳಿದರು, ಅಳತೆಯಿಟ್ಟು ಉಂಡರು, ಆಮೇಲೆ ಇನ್ನೊಂದು ವರ್ಷ ಬರಿಯ ತೂಕ ಕೊಡಲಿಕ್ಕೆಂದೇ ಬಂದರು. 68ನೇ ವಾರಕ್ಕೆ ಅವರ ತೂಕ ಶೇಕಡಾ 2.0ರಷ್ಟು ಇಳಿದಿತ್ತು. 120ನೇ ವಾರಕ್ಕೆ ಉಳಿದಿದ್ದ ಇಳಿಕೆ ಶೇಕಡಾ 0.1.